ತಾಂಡೂರಿನಲ್ಲಿ ಅಡಗಿರುವ ಟಂಡ್ರಾ: ಕೊಟ್ಟ ಅಕ್ಷರಗಳಿಂದ ದೊಡ್ಡ ಇಂಗ್ಲಿಷ್ ಪದ ಹುಡುಕುವ ಬಗೆ



ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರಿನ ನಮ್ಮ ಸದಸ್ಯರ ಮನೆಗಳಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಶಾಲೆಯಲ್ಲಿ ಮಕ್ಕಳಿಗೆ ಏಳೆಂಟು ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟು, ಇವು ಸೇರಿರುವ ದೊಡ್ಡ ಪದ ಹುಡುಕಿಕೊಂಡು ಬನ್ನಿ ಎಂದು ಕಳಿಸುತ್ತಾರೆ. ಮಗು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಅಪ್ಪ ಮೊಬೈಲ್ ತೆಗೆಯುತ್ತಾರೆ. ಅಜ್ಜಿ, "ನಮಗೆಲ್ಲಿ ಇಂಗ್ಲಿಷ್ ಬರುತ್ತದಪ್ಪ" ಎಂದು ಅಡುಗೆಮನೆಗೆ ಹೋಗುತ್ತಾರೆ. ಇದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: "ಕನ್ನಡಕ್ಕೆ ಹೊತ್ತು ಕಳೆದರೆ ಇಂಗ್ಲಿಷ್ ಹಿಂದೆ ಬೀಳುತ್ತದೆ. ಮೊದಲು ಅದಾಗಲಿ, ಆಮೇಲೆ ಇದು."

ಈ ಎರಡನೆಯ ಮಾತಿಗೆ ಉತ್ತರ ಮೊದಲನೆಯ ಪ್ರಶ್ನೆಯಲ್ಲೇ ಇದೆ ಎಂದು ನಮಗೆ ಅನಿಸುತ್ತದೆ. ದೊಡ್ಡ ಇಂಗ್ಲಿಷ್ ಪದವನ್ನು ಹುಡುಕುವ ಕೆಲಸಕ್ಕೆ ಬೇಕಾದ ಹತಾರಗಳು ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲೇ ಇವೆ. ಅವು ಯಾವುವು, ಹೇಗೆ ಬಳಸಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸುತ್ತೇವೆ.

ಒಂದು ಸೂಚನೆ. ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದ ಕನ್ನಡದಲ್ಲೇ ಬರೆದಿದ್ದೇವೆ. ಓದುವಾಗ ಪಕ್ಕದಲ್ಲಿ ಒಂದು ಕಾಗದ, ಪೆನ್ನು ಇಟ್ಟುಕೊಳ್ಳಿ. ಹತ್ತಿರ ಮೊಮ್ಮಕ್ಕಳಿದ್ದರೆ ಅವರ ಕೈಯಿಂದಲೇ ಬರೆಸಿ.

ಮೊದಲು ನಮ್ಮ ಊರುಗಳಿಂದ ಆರಂಭ

ತಾಂಡೂರು ಸ್ಟೇಷನ್ನಿನ ಬೋರ್ಡಿನ ಮೇಲೆ ಇಂಗ್ಲಿಷ್‌ನಲ್ಲಿ ಟಿ-ಎ-ಎನ್-ಡಿ-ಯು-ಆರ್ ಎಂದು ಬರೆದಿದೆ. ಆರು ಅಕ್ಷರ. ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಇವನ್ನೇ ಅದಲುಬದಲು ಮಾಡಿ ನೋಡಿ: ಟಿ-ಯು-ಎನ್-ಡಿ-ಆರ್-ಎ. ಟಂಡ್ರಾ! ಉತ್ತರ ಧ್ರುವದ ಹತ್ತಿರ, ಮರವೇ ಬೆಳೆಯದ, ನೆಲದೊಳಗಿನ ನೀರೂ ಹೆಪ್ಪುಗಟ್ಟಿರುವ ಬಯಲಿಗೆ ಟಂಡ್ರಾ ಎನ್ನುತ್ತಾರೆ. ಕಲ್ಲಿನ ಗಣಿ ಮತ್ತು ತೊಗರಿಗೆ ಹೆಸರಾದ, ಏಪ್ರಿಲ್ ಬಂದರೆ ಸುಡುವ ನಮ್ಮ ತಾಂಡೂರಿನ ಹೆಸರೊಳಗೆ ಹಿಮದ ನಾಡು ಕೂತಿದೆ.

ಇನ್ನು ಜಹೀರಾಬಾದ್: ಝಡ್-ಎ-ಎಚ್-ಇ-ಇ-ಆರ್-ಎ-ಬಿ-ಎ-ಡಿ, ಒಟ್ಟು 10 ಅಕ್ಷರ. ಇದರಲ್ಲಿ ಝೀಬ್ರಾ ಇದೆ: ಝಡ್-ಇ-ಬಿ-ಆರ್-ಎ. ಅಪಾಯ ಎಂಬ ಅರ್ಥದ ಹಜಾರ್ಡ್ ಇದೆ: ಎಚ್-ಎ-ಝಡ್-ಎ-ಆರ್-ಡಿ. ಎಲ್ಲಕ್ಕಿಂತ ಚೆಂದದ್ದು ಬಜಾರ್: ಬಿ-ಎ-ಝಡ್-ಎ-ಎ-ಆರ್. ಬಜಾರ್ ತೆಗೆದ ಮೇಲೆ ಉಳಿಯುವ ನಾಲ್ಕು ಅಕ್ಷರಗಳಿಂದ ಹೀಡ್, ಎಚ್-ಇ-ಇ-ಡಿ, ಅಂದರೆ ಗಮನ ಕೊಡು ಎಂಬ ಪದ ಆಗುತ್ತದೆ. ಕೆಲವು ಕಡೆ ಈ ಊರಿನ ಹೆಸರನ್ನು ಎರಡು ಇ ಬದಲು ಒಂದು ಐ ಹಾಕಿ ಬರೆಯುತ್ತಾರೆ. ಆಗಲೂ ಬಜಾರ್ ಹಾಗೇ ಇರುತ್ತದೆ, ಉಳಿದ ಮೂರು ಅಕ್ಷರ ಸೇರಿ ಹಿಡ್, ಎಚ್-ಐ-ಡಿ, ಅಡಗಿತು ಎಂದಾಗುತ್ತದೆ. ಬಜಾರು ಅಡಗಿಯೇ ಕೂತಿತ್ತು ನೋಡಿ.

ನಾರಾಯಣಖೇಡದ 11 ಅಕ್ಷರಗಳು ಎನ್-ಎ-ಆರ್-ಎ-ವೈ-ಎ-ಎನ್-ಕೆ-ಎಚ್-ಇ-ಡಿ. ಇದರಲ್ಲಿ ಗಟ್ಟಿಯಾಗಿಸು ಎಂಬ ಹಾರ್ಡನ್ ಇದೆ, ಕತ್ತಲಾಗಿಸು ಎಂಬ ಡಾರ್ಕನ್ ಇದೆ, ಕತ್ತೆಕಿರುಬ ಎಂಬ ಹೈಯೆನಾ ಇದೆ. ಎಲ್ಲಾ 11 ಅಕ್ಷರಗಳನ್ನೂ ಬಳಸಬೇಕು ಎಂದರೆ ಎನಿ, ಹ್ಯಾಂಡ್, ರೇಕ್ ಎಂದು ಮೂರು ಪದ ಮಾಡಬಹುದು. ರೇಕ್ ಎಂದರೆ ಕಸ ಕಡ್ಡಿ ಬಾಚುವ ಹಲ್ಲಿನ ಸಾಧನ. ಜಿಲ್ಲಾ ಕೇಂದ್ರ ಸಂಗಾರೆಡ್ಡಿಯಿಂದಲೂ ಒಂದು: ಎಸ್-ಎ-ಎನ್-ಜಿ-ಎ-ಆರ್-ಇ-ಡಿ-ಡಿ-ವೈ. ಇದರಲ್ಲಿ ಗಾರ್ಡನ್ಸ್ ಮತ್ತು ಡೇ ಎರಡೂ ಪೂರ್ತಿ ಸಿಗುತ್ತವೆ. ಗಾರ್ಡನ್ಸ್ ಎಂಬ ಏಳು ಅಕ್ಷರಗಳನ್ನೇ ತಿರುಗಿಸಿದರೆ ಡೇಂಜರ್ಸ್ ಆಗುತ್ತದೆ. ತೋಟವೂ ಅಪಾಯವೂ ಒಂದೇ ಅಕ್ಷರಗಳಿಂದ!

ಮಗುವಿಗೆ ಪುಸ್ತಕದ ಅಕ್ಷರಗಳಿಗಿಂತ ಮೊದಲು ತನ್ನ ಊರಿನ ಹೆಸರು ಕೊಡಿ. ಆಟ ಹಿಡಿಸುತ್ತದೆ.

ಅಕ್ಷರ ಬೇರೆ, ಲೆಟರ್ ಬೇರೆ

ಈ ಆಟ ನಮ್ಮ ಮಕ್ಕಳಿಗೆ ಮೊದಲು ಕಷ್ಟ ಎನಿಸಲು ಒಂದು ಕಾರಣವಿದೆ. ಕನ್ನಡದಲ್ಲಿ ನಾವು ಪದವನ್ನು ಒಡೆಯುವುದು ಉಚ್ಚಾರದ ತುಂಡುಗಳಾಗಿ. "ಸ್ತ್ರೀ" ಎಂಬುದರಲ್ಲಿ ಸ, ತ, ರ ಮತ್ತು ಈ ನಾಲ್ಕೂ ಸೇರಿವೆ, ಆದರೂ ಅದು ನಮಗೆ ಒಂದೇ ಅಕ್ಷರ. ಕನ್ನಡ ಪದಬಂಧದಲ್ಲಿ ಅದಕ್ಕೆ ಒಂದೇ ಚೌಕ. ಇಂಗ್ಲಿಷ್‌ನಲ್ಲಿ ಹಾಗಲ್ಲ, ಪ್ರತಿ ಲೆಟರ್‌ಗೂ ಬೇರೆ ಚೌಕ.

ಈ ವ್ಯತ್ಯಾಸವನ್ನು ತೋರಿಸಲು ವಿಕಟಕವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕನ್ನಡದಲ್ಲಿ ವಿ-ಕ-ಟ-ಕ-ವಿ, ಹಿಂದಿನಿಂದ ಓದಿದರೂ ಅದೇ. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದು ಹಿಂದಿನಿಂದ ಓದಿಸಿ, ಐ ಅಕ್ಷರದಿಂದ ಶುರುವಾಗಿ ಬೇರೇನೋ ಆಗುತ್ತದೆ. ನಮ್ಮ "ವಿ" ಅಲ್ಲಿ ಎರಡು ಲೆಟರ್ ಆಗಿ ಒಡೆದುಹೋಗುವುದೇ ಕಾರಣ. ಆದರೆ ಗದಗ ಮಾತ್ರ ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಎರಡೂ ದಿಕ್ಕಿನಿಂದ ಒಂದೇ: ಜಿ-ಎ-ಡಿ-ಎ-ಜಿ. ಈ ಎರಡು ಪದಗಳನ್ನು ಬರೆಸಿದರೆ ಮಗುವಿಗೆ ಉಚ್ಚಾರ ಬೇರೆ, ಸ್ಪೆಲಿಂಗ್ ಬೇರೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಪ್ರಶ್ನೆ ಯಾವ ಬಗೆಯದು ಎಂದು ನೋಡಿ

ಹುಡುಕುವ ಮೊದಲು ಕೇಳಿರುವುದೇನು ಎಂದು ಸರಿಯಾಗಿ ಓದಬೇಕು. ಇದು ಕಛೇರಿಯಲ್ಲಿ ಅರ್ಜಿ ಓದಿದ ಹಾಗೆ. ಮೂರು ಬಗೆಗಳಿವೆ.

ಒಂದು, ಕೊಟ್ಟ ಅಕ್ಷರಗಳು ಎಲ್ಲಿ ಬೇಕಾದರೂ, ಯಾವ ಕ್ರಮದಲ್ಲಾದರೂ ಇರಬಹುದು. ತಾಂಡೂರು ಟಂಡ್ರಾ ಆದದ್ದು ಹೀಗೆ.

ಎರಡು, ಕೊಟ್ಟ ಅಕ್ಷರಗಳು ಅದೇ ಕ್ರಮದಲ್ಲಿ ಒಟ್ಟಾಗಿ ಬರಬೇಕು. ಯು-ಎನ್-ಡಿ ಕೊಟ್ಟರೆ ಅಂಡರ್‌ಗ್ರೌಂಡ್ ಎಂಬ 11 ಅಕ್ಷರದ ಪದ ಬಹಳ ಚೆನ್ನ. ಅದು ಯು-ಎನ್-ಡಿ ಇಂದ ಶುರುವಾಗಿ ಯು-ಎನ್-ಡಿ ಯಲ್ಲೇ ಮುಗಿಯುತ್ತದೆ.

ಮೂರು, ಕೊಟ್ಟವು ಬಿಟ್ಟು ಬೇರೆ ಅಕ್ಷರ ಬರಲೇಬಾರದು. ಟೈಪಿಂಗ್ ಕಲಿತವರಿಗೆ ಇದು ಗೊತ್ತಿರುತ್ತದೆ. ಕೀಲಿಮಣೆಯ ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಹತ್ತೇ ಅಕ್ಷರಗಳಿಂದ ಟೈಪ್‌ರೈಟರ್ ಎಂಬ ಪದವನ್ನೇ ಹೊಡೆಯಬಹುದು. ಮಾಲೀಕ ಎಂಬ ಅರ್ಥದ ಪ್ರೊಪ್ರೈಟರ್ ಕೂಡ ಅದೇ ಸಾಲಿನದು. ಎರಡೂ 10 ಅಕ್ಷರದ ಪದಗಳು. ನಡುವಿನ ಸಾಲಿನಿಂದ ಆಲ್ಫಾಲ್ಫಾ ಬರುತ್ತದೆ, ಅದೇ ದನಕ್ಕೆ ಹಾಕುವ ಕುದುರೆಮಸಾಲೆ ಸೊಪ್ಪು. ಕೆಳಗಿನ ಸಾಲಿನಿಂದ ಹೇಳಿಕೊಳ್ಳುವಂಥ ಪದ ಏನೂ ಬರುವುದಿಲ್ಲ. ಏಕೆ? ಮೇಲಿನ ಸಾಲಿನಲ್ಲಿ ಇ, ಯು, ಐ, ಒ ಎಂಬ ನಾಲ್ಕು ಸ್ವರಗಳಿವೆ, ನಡುವೆ ಎ ಒಂದೇ ಇದೆ, ಕೆಳಗೆ ಒಂದೂ ಇಲ್ಲ. ಸ್ವರವಿಲ್ಲದೆ ಪದ ಎದ್ದು ನಿಲ್ಲುವುದಿಲ್ಲ. ಇದೇ ಮುಂದಿನ ಪಾಠ.

ಕೈಯಿಂದ ಹುಡುಕುವ ಕ್ರಮ

ಮೊದಲ ಹೆಜ್ಜೆ: ಸ್ವರ, ವ್ಯಂಜನ ಬೇರ್ಪಡಿಸಿ. ಕಾಗದದ ಎಡಗಡೆ ಎ, ಇ, ಐ, ಒ, ಯು. ಬಲಗಡೆ ಉಳಿದವು. ವೈ ಅಕ್ಷರವನ್ನು ನಡುವೆ ಇಡಿ, ಅದು ಎರಡೂ ಕಡೆಯ ಬಂಧು. ಸ್ವರ ಎರಡೇ ಇದ್ದರೆ ಪದವೂ ಸಾಮಾನ್ಯವಾಗಿ ಎರಡು ಉಸಿರಿನದು ಎಂದು ಅಂದಾಜು ಸಿಗುತ್ತದೆ.

ಯಾವ ಅಕ್ಷರ ಎಷ್ಟು ಬಳಕೆಯಲ್ಲಿದೆ ಎಂದು ತಿಳಿದಿರುವುದೂ ಒಳ್ಳೆಯದು. ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಾಗ ಒಂದು ಪದದಾಟ ರೂಪಿಸಿದರು. ದಿನಪತ್ರಿಕೆಯಲ್ಲಿ ಪ್ರತಿ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಕೂತು ಎಣಿಸಿದರು. 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂತು. ಅದರ 100 ಬಿಲ್ಲೆಗಳಲ್ಲಿ ಇ ಅಕ್ಷರದವು 12, ಎ ಮತ್ತು ಐ ಒಂಬತ್ತೊಂಬತ್ತು, ಒ ಎಂಟು. ಕೆ, ಜೆ, ಎಕ್ಸ್, ಕ್ಯೂ, ಝಡ್ ಒಂದೊಂದೇ. ತಂತಿ ಕಛೇರಿಯ ನೆನಪಿರುವವರಿಗೆ ಇನ್ನೊಂದು ಸಾಕ್ಷಿ: ಮೋರ್ಸ್ ಸಂಕೇತದಲ್ಲಿ ಹೆಚ್ಚು ಬಳಕೆಯ ಇ ಅಕ್ಷರಕ್ಕೆ ಒಂದೇ ಚುಕ್ಕೆ, ಟಿ ಅಕ್ಷರಕ್ಕೆ ಒಂದೇ ಗೆರೆ. ಕ್ಯೂ ಬಂದರೆ ಅದರ ಪಕ್ಕ ಯು ಇದೆಯೇ ಎಂದು ಮೊದಲು ನೋಡಿ.

ಎರಡನೆಯ ಹೆಜ್ಜೆ: ಬಾಲ ಹಿಡಿಯಿರಿ. ಕನ್ನಡದಲ್ಲಿ ಜಾಣ ಎಂಬುದಕ್ಕೆ ತನ ಸೇರಿಸಿದರೆ ಜಾಣತನ. ಬಳೆಗೆ ಗಾರ ಸೇರಿದರೆ ಬಳೆಗಾರ. ಇವನ್ನು ಪ್ರತ್ಯಯ ಎನ್ನುತ್ತೇವೆ. ಇಂಗ್ಲಿಷ್‌ನಲ್ಲೂ ಹಾಗೆಯೇ. ನಮ್ಮ ತನ ಅಲ್ಲಿ ನೆಸ್, ಎನ್-ಇ-ಎಸ್-ಎಸ್. ನಮ್ಮ ಗಾರ ಅಲ್ಲಿ ಬಹುಮಟ್ಟಿಗೆ ಇ-ಆರ್. ಇವಲ್ಲದೆ ಐ-ಎನ್-ಜಿ, ಇ-ಡಿ, ಎಂ-ಇ-ಎನ್-ಟಿ, ಟಿ-ಐ-ಒ-ಎನ್, ಎ-ಬಿ-ಎಲ್-ಇ. ಕೊಟ್ಟ ಅಕ್ಷರಗಳಲ್ಲಿ ಇಂಥ ಬಾಲ ಇದ್ದರೆ ಅದನ್ನು ತೆಗೆದು ಪಕ್ಕಕ್ಕಿಡಿ. ಏಳು ಅಕ್ಷರದ ಕಷ್ಟ ನಾಲ್ಕು ಅಕ್ಷರಕ್ಕೆ ಇಳಿಯುತ್ತದೆ.

ಮೂರನೆಯ ಹೆಜ್ಜೆ: ತಲೆ ಹಿಡಿಯಿರಿ. ನ್ಯಾಯಕ್ಕೆ ಅ ಸೇರಿ ಅನ್ಯಾಯ, ಗುಣಕ್ಕೆ ದುರ್ ಸೇರಿ ದುರ್ಗುಣ. ಇಂಗ್ಲಿಷ್‌ನಲ್ಲಿ ಯು-ಎನ್, ಆರ್-ಇ, ಡಿ-ಐ-ಎಸ್, ಪಿ-ಆರ್-ಇ ಇವು ಆ ಕೆಲಸ ಮಾಡುತ್ತವೆ.

ನಾಲ್ಕನೆಯ ಹೆಜ್ಜೆ: ಸಂಧಿ ನೆನಪಿಡಿ. ಬಹಳ ಮಕ್ಕಳು ಸಿಕ್ಕಿಬೀಳುವುದು ಇಲ್ಲಿ. ಕನ್ನಡ ಓದಿದ ಮಗುವಿಗೆ ಅನುಕೂಲವಾಗುವುದೂ ಇಲ್ಲಿಯೇ. ಪದಕ್ಕೆ ಬಾಲ ಸೇರುವಾಗ ಸ್ಪೆಲಿಂಗ್ ಬದಲಾಗುತ್ತದೆ. ಆ ಬದಲಾವಣೆ ಮೂರೇ ಬಗೆ.

ಊರು ಎಂಬುದಕ್ಕೆ ಅಲ್ಲಿ ಸೇರಿದಾಗ ಊರಲ್ಲಿ ಆಗುತ್ತದೆ, ಉಕಾರ ಬಿದ್ದುಹೋಗುತ್ತದೆ. ಇದು ಲೋಪ. ಇಂಗ್ಲಿಷ್‌ನಲ್ಲಿ ಮೇಕ್ ಎಂಬುದಕ್ಕೆ ಐ-ಎನ್-ಜಿ ಸೇರಿದಾಗ ಕೊನೆಯ ಇ ಬಿದ್ದು ಮೇಕಿಂಗ್ ಆಗುತ್ತದೆ.

ಮನೆ ಎಂಬುದಕ್ಕೆ ಅಲ್ಲಿ ಸೇರಿದಾಗ ನಡುವೆ ಯಕಾರ ಹೊಸದಾಗಿ ಬಂದು ಮನೆಯಲ್ಲಿ ಆಗುತ್ತದೆ. ಇದು ಆಗಮ. ರನ್ ಎಂಬುದಕ್ಕೆ ಐ-ಎನ್-ಜಿ ಸೇರಿದಾಗ ಇನ್ನೊಂದು ಎನ್ ಹೊಸದಾಗಿ ಬಂದು ರನ್ನಿಂಗ್ ಆಗುತ್ತದೆ.

ಮಳೆಗೆ ಕಾಲ ಸೇರಿದಾಗ ಕಕಾರ ಹೋಗಿ ಗಕಾರ ಬಂದು ಮಳೆಗಾಲ. ಇದು ಆದೇಶ. ಹ್ಯಾಪಿಗೆ ನೆಸ್ ಸೇರಿದಾಗ ವೈ ಹೋಗಿ ಐ ಬರುತ್ತದೆ. ಪಾಸಿಬಲ್ ಎಂಬುದರ ಹಿಂದೆ ಐ-ಎನ್ ಸೇರಿದಾಗ ಎನ್ ಹೋಗಿ ಎಂ ಬಂದು ಇಂಪಾಸಿಬಲ್ ಆಗುತ್ತದೆ.

ಲೋಪ, ಆಗಮ, ಆದೇಶ ಎಂಬ ಮೂರು ಹೆಸರು ಗೊತ್ತಿದ್ದರೆ ಇಂಗ್ಲಿಷ್ ಸ್ಪೆಲಿಂಗಿನ ಹತ್ತಾರು ನಿಯಮಗಳನ್ನು ಬೇರೆ ಬೇರೆ ಬಾಯಿಪಾಠ ಮಾಡಬೇಕಾಗಿಲ್ಲ. ಅಲ್ಲಿ ಬದಲಾವಣೆ ಬರವಣಿಗೆಯಲ್ಲಿ, ನಮ್ಮಲ್ಲಿ ಉಚ್ಚಾರದಲ್ಲೂ ಇರುತ್ತದೆ ಎಂಬ ವ್ಯತ್ಯಾಸ ಇದ್ದೇ ಇದೆ. ಆದರೆ ಯೋಚನೆ ಒಂದೇ.

ಒಂದು ಲೆಕ್ಕ ಮಾಡಿ ನೋಡೋಣ

ಕೊಟ್ಟ ಅಕ್ಷರಗಳು 11: ಎ, ಇ, ಎಚ್, ಐ, ಎನ್, ಎನ್, ಪಿ, ಪಿ, ಎಸ್, ಎಸ್, ಯು. ಇವೆಲ್ಲವೂ ಸೇರಿದ ಒಂದು ಪದ ಬೇಕು.

ಎರಡು ಎಸ್ ಕಂಡ ತಕ್ಷಣ ನೆಸ್ ನೆನಪಾಗಬೇಕು. ಎನ್, ಇ, ಎಸ್, ಎಸ್ ತೆಗೆದಿಟ್ಟೆವು. ಉಳಿದದ್ದು ಎ, ಎಚ್, ಐ, ಎನ್, ಪಿ, ಪಿ, ಯು. ಈಗ ತಲೆ ನೋಡಿ. ಯು ಮತ್ತು ಎನ್ ಇವೆ, ಅವನ್ನೂ ತೆಗೆದಿಟ್ಟೆವು. ಉಳಿದದ್ದು ಎ, ಎಚ್, ಐ, ಪಿ, ಪಿ. ಇವುಗಳಿಂದ ಯಾವ ಪದವೂ ಆಗುವುದಿಲ್ಲ ಎಂದು ಮಗು ಕೈಬಿಡುತ್ತದೆ. ಇಲ್ಲಿ ಆದೇಶ ಸಂಧಿ ನೆನಪಿಸಿ. ಐ ಇದ್ದಲ್ಲಿ ಮೊದಲು ವೈ ಇದ್ದಿರಬಹುದು. ವೈ ಹಾಕಿ ನೋಡಿದರೆ ಹ್ಯಾಪಿ. ಎಲ್ಲವನ್ನೂ ಕೂಡಿಸಿದರೆ ಅನ್‌ಹ್ಯಾಪಿನೆಸ್, ಅಂದರೆ ಅಸಂತೋಷ. ಅರ್ಥ ಅಸಂತೋಷ, ಆದರೆ ಸಿಕ್ಕಾಗ ಮಗುವಿನ ಮುಖ ನೋಡಬೇಕು.

ಇನ್ನೊಂದು ದಾರಿ ಚಿಕ್ಕದರಿಂದ ದೊಡ್ಡದಕ್ಕೆ ಬೆಳೆಸುವುದು. ಐ ಎಂಬ ಒಂದೇ ಅಕ್ಷರ ಒಂದು ಪದ. ಅದಕ್ಕೆ ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗಿ: ಇನ್, ಸಿನ್, ಸಿಂಗ್, ಸ್ಟಿಂಗ್, ಸ್ಟ್ರಿಂಗ್, ಸ್ಟೇರಿಂಗ್, ಸ್ಟಾರ್ಟಿಂಗ್, ಸ್ಟಾರ್ಟ್ಲಿಂಗ್. ಒಂದರಿಂದ ಒಂಬತ್ತು ಅಕ್ಷರದವರೆಗೆ ಪ್ರತಿ ಮೆಟ್ಟಿಲಲ್ಲೂ ಒಂದು ಪದ, ಯಾವ ಮೆಟ್ಟಿಲೂ ಮುರಿದಿಲ್ಲ. ಗೋಡೆಗೆ ಇಟ್ಟಿಗೆ ಇಟ್ಟ ಹಾಗೆ ಇದನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆಸಿ.

ಕಛೇರಿಯಲ್ಲಿ ಕೆಲಸ ಮಾಡಿದವರಿಗೆ ಪ್ರಿಯವಾದ ಒಂದು ಪದವನ್ನೂ ಹೇಳುತ್ತೇವೆ. ರಿಜಿಸ್ಟರ್ಡ್ ಪೋಸ್ಟಿನ ಜೊತೆ ಎ.ಡಿ. ಕಾರ್ಡು ಕಟ್ಟಿ ಕಳಿಸುತ್ತಿದ್ದುದು ನೆನಪಿದೆಯಲ್ಲ? ಆ ಎ ಅಂದರೆ ಅಕ್‌ನಾಲೆಜ್‌ಮೆಂಟ್, ಸ್ವೀಕೃತಿ. 15 ಅಕ್ಷರ. ಅದು ಬೆಳೆದ ಬಗೆ ಹೀಗೆ: ನೋ ಎಂದರೆ ತಿಳಿ, ಕೆ-ಎನ್-ಒ-ಡಬ್ಲ್ಯೂ, 4 ಅಕ್ಷರ. ಅದರಿಂದ ನಾಲೆಜ್, 9 ಅಕ್ಷರ. ಅದರಿಂದ ಅಕ್‌ನಾಲೆಜ್, 11. ಅದರಿಂದ ಅಕ್‌ನಾಲೆಜ್‌ಮೆಂಟ್, 15. ಇದರೊಳಗೆ ಕ್ರಮ ತಪ್ಪದೆ ನೌ ಇದೆ, ಗೂಬೆ ಎಂಬ ಔಲ್ ಇದೆ, ಅಂಚು ಎಂಬ ಎಡ್ಜ್ ಇದೆ, ರತ್ನ ಎಂಬ ಜೆಮ್ ಇದೆ, ಮೆನ್ ಇದ್ದಾರೆ. ಈ ಪದದ ಸ್ಪೆಲಿಂಗನ್ನು ಗಟ್ಟು ಹೊಡೆದು ಮರೆತವರು ಎಷ್ಟೋ ಜನ. ಒಡೆದು ನೋಡಿದವರಿಗೆ ಅದು ಮರೆಯುವುದಿಲ್ಲ.

ದೊಡ್ಡ ಪದ ಓದಲು ಬಂದರೆ ಏನು ಲಾಭ?

ಆಟಕ್ಕೆಂದೇ ಪ್ರಸಿದ್ಧವಾದ ಪದಗಳಿವೆ. ಎಜುಕೇಷನ್ ಎಂಬ ಪದದ 9 ಅಕ್ಷರಗಳಲ್ಲಿ ಐದೂ ಸ್ವರಗಳು ಒಂದೊಂದು ಸಲ ಬರುತ್ತವೆ. ಡರ್ಮಟೋಗ್ಲಿಫಿಕ್ಸ್ ಎಂಬುದರಲ್ಲಿ 15 ಅಕ್ಷರಗಳಿದ್ದು ಯಾವುದೂ ಎರಡು ಸಲ ಬರುವುದಿಲ್ಲ. ಅದರ ಅರ್ಥ ಬೆರಳ ತುದಿಯ, ಅಂಗೈಯ ಗೆರೆಗಳ ಅಧ್ಯಯನ. ರೇಷನ್ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ತರುವ ನಮಗೆ ಆ ಗೆರೆಗಳ ಬೆಲೆ ಗೊತ್ತೇ ಇದೆ.

ಆದರೆ ಇದು ಬರೀ ಆಟವಲ್ಲ. ಇಂಗ್ಲಿಷ್ ನಿಘಂಟುಗಳಲ್ಲಿ ಸಿಗುವ ಅತಿ ಉದ್ದದ ಪದ 45 ಅಕ್ಷರದ್ದು: ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೆನೊಕೊನಿಯೋಸಿಸ್. 1935ರಲ್ಲಿ ಅಮೆರಿಕದ ಪದದಾಟಗಾರರ ಸಂಘವೊಂದರ ಅಧ್ಯಕ್ಷರು, ಉದ್ದವಾಗಿರಲೆಂದೇ ಇದನ್ನು ಕಟ್ಟಿದರು. ನೋಡಿದರೆ ಹೆದರಿಕೆ. ಒಡೆದರೆ ಏಳು ತುಂಡು: ನ್ಯುಮೊನೊ ಎಂದರೆ ಶ್ವಾಸಕೋಶ, ಅಲ್ಟ್ರಾ ಎಂದರೆ ಅತಿ, ಮೈಕ್ರೊಸ್ಕೋಪಿಕ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ, ಸಿಲಿಕೊ ಎಂದರೆ ಕಲ್ಲು ಮರಳಿನಲ್ಲಿರುವ ಸಿಲಿಕಾ, ವಾಲ್ಕೆನೊ ಎಂದರೆ ಜ್ವಾಲಾಮುಖಿ, ಕೋನಿ ಎಂದರೆ ಧೂಳು, ಓಸಿಸ್ ಎಂದರೆ ರೋಗ. ಅಷ್ಟೇ. ಅತಿ ಸಣ್ಣ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ.

ಈ ಪದ ಆಟಕ್ಕೆ ಹುಟ್ಟಿದ್ದು. ಆದರೆ ಅದರಲ್ಲಿನ ಎರಡು ತುಂಡು ಸೇರಿದರೆ ಸಿಲಿಕೋಸಿಸ್, ಅದು ನಿಜವಾದ ರೋಗ. ಸಿಲಿಕಾ ಇರುವ ಕಲ್ಲನ್ನು ಒಡೆಯುವ, ಕೊಯ್ಯುವ, ಪಾಲಿಶ್ ಮಾಡುವ ಜಾಗದಲ್ಲಿ ವರ್ಷಗಟ್ಟಲೆ ಧೂಳು ಕುಡಿದವರಿಗೆ ಬರುತ್ತದೆ. ಬಂದ ಮೇಲೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ನೀರು ಹಾಯಿಸಿ ಕೊಯ್ಯುವುದು, ಧೂಳು ತಡೆಯುವ ಮಾಸ್ಕ್ ಹಾಕುವುದು, ಇವೇ ಮದ್ದು. ನಮ್ಮ ಭಾಗದಲ್ಲಿ ಕಲ್ಲಿನ ಕೆಲಸ ನಂಬಿದ ಮನೆಗಳು ಎಷ್ಟೋ ಇವೆ. ಆಸ್ಪತ್ರೆಯ ಚೀಟಿಯ ಮೇಲೆ ಇಂಥ ಒಂದು ಪದ ಬರೆದಿದ್ದರೆ ಅದನ್ನು ಓದಿ, ಒಡೆದು, "ಅಪ್ಪಾ, ಇದು ಕಲ್ಲಿನ ಧೂಳಿನಿಂದ ಬಂದ ರೋಗವಂತೆ" ಎಂದು ಮನೆಯವರಿಗೆ ಕನ್ನಡದಲ್ಲಿ ಹೇಳಬಲ್ಲ ಮಗು ಬೇಕು. ಬಾಲ ಗೊತ್ತಿದ್ದರೆ ಉಳಿದವೂ ತಿಳಿಯುತ್ತವೆ. ಫ್ಲೋರೋಸಿಸ್ ಎಂದರೆ ಫ್ಲೋರೈಡಿನಿಂದ ಬರುವ ರೋಗ. ಐ-ಟಿ-ಐ-ಎಸ್ ಎಂದು ಮುಗಿದರೆ ಬಾವು, ಉರಿಯೂತ. ಹಿರಿಯ ಸದಸ್ಯರ ಮಂಡಿನೋವಿನ ಚೀಟಿಯಲ್ಲಿರುವ ಆರ್ಥ್ರೈಟಿಸ್ ಅದೇ ಮನೆತನದ್ದು.

ಕಂಪ್ಯೂಟರ್ ಹೇಗೆ ಹುಡುಕುತ್ತದೆ?

ಮೊಬೈಲಿನಲ್ಲಿ ಅಕ್ಷರ ಹಾಕಿದ ಕೂಡಲೇ ಪದಗಳ ಪಟ್ಟಿ ಬರುತ್ತದೆ. ಅದು ಮಾಯೆಯಲ್ಲ, ರಿಜಿಸ್ಟರ್ ಕೆಲಸ. ಸಾಮಾನ್ಯ ನಿಘಂಟಿನಲ್ಲಿ ಪದದ ಮೊದಲ ಅಕ್ಷರ ಗೊತ್ತಿದ್ದರೆ ಮಾತ್ರ ಹುಡುಕಬಹುದು. ಕಂಪ್ಯೂಟರಿನಲ್ಲಿ ಇನ್ನೊಂದು ರಿಜಿಸ್ಟರ್ ಮಾಡಬಹುದು. ಪ್ರತಿ ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ಜೋಡಿಸಿ ಅದನ್ನೇ ಆ ಪದದ ಕಡತ ಸಂಖ್ಯೆ ಮಾಡುವುದು. ಟಂಡ್ರಾ ಪದದ ಅಕ್ಷರಗಳನ್ನು ಹೀಗೆ ಜೋಡಿಸಿದರೆ ಎ-ಡಿ-ಎನ್-ಆರ್-ಟಿ-ಯು. ತಾಂಡೂರನ್ನು ಜೋಡಿಸಿದರೂ ಎ-ಡಿ-ಎನ್-ಆರ್-ಟಿ-ಯು. ಸಂಖ್ಯೆ ಒಂದೇ ಆದ್ದರಿಂದ ಕಡತವೂ ಒಂದೇ. ಮಗು ಕೂಡ ಕಾಗದದ ಮೇಲೆ ಹೀಗೆ ಜೋಡಿಸಿ, ಎರಡು ಪದಗಳು ಒಂದೇ ಅಕ್ಷರಗಳವೋ ಅಲ್ಲವೋ ಎಂದು ತಾಳೆ ನೋಡಬಹುದು.

ಎಕ್ಸೆಲ್‌ನಲ್ಲಿ ಪದಪಟ್ಟಿ ಇದ್ದರೆ ಫಿಲ್ಟರ್ ಹಾಕುವಾಗ ಎರಡು ಚಿಹ್ನೆ ನೆನಪಿಡಿ. ಪ್ರಶ್ನಾರ್ಥಕ ಚಿಹ್ನೆ ಒಂದು ಅಕ್ಷರದ ಬದಲಿಗೆ, ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳ ಬದಲಿಗಾದರೂ ನಿಲ್ಲುತ್ತದೆ. ಲೆಡ್ಜ್ ಎಂಬ ಐದು ಅಕ್ಷರಗಳ ಹಿಂದೆ ಮುಂದೆ ನಕ್ಷತ್ರ ಹಾಕಿದರೆ ನಾಲೆಜ್, ಲೆಡ್ಜರ್, ಪ್ಲೆಡ್ಜ್ ಎಲ್ಲವೂ ಬರುತ್ತವೆ. ವನ್‌ಲುಕ್ ಎಂಬ ನಿಘಂಟು ಜಾಲತಾಣದಲ್ಲೂ ಇವೇ ಚಿಹ್ನೆಗಳು ನಡೆಯುತ್ತವೆ. ಸಿಕ್ಕ ಪದದ ಕನ್ನಡ ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲೂ ನಿಘಂಟುಗಳಿವೆ. ಆದರೆ ಮೊಬೈಲನ್ನು ಉತ್ತರ ತಾಳೆ ನೋಡಲು ಇಟ್ಟುಕೊಳ್ಳಿ. ಮೊದಲೇ ಕೈಗೆ ಕೊಟ್ಟರೆ ಪದ ಸಿಗುತ್ತದೆ, ಹುಡುಕುವ ಬುದ್ಧಿ ಬೆಳೆಯುವುದಿಲ್ಲ.

ನಮ್ಮ ಮಕ್ಕಳ ಮಾತು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆದಾಗ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಿಂದ, ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ಆಯಿತು. ಗಡಿ ಗೆರೆ ಸರಿದರೂ ಮನೆಯ ಮಾತು ಸರಿಯಲಿಲ್ಲ. 2018ರ ಕಾಯ್ದೆಯ ಪ್ರಕಾರ ಶಾಲೆಯಲ್ಲಿ ತೆಲುಗು ಕಡ್ಡಾಯ, ಅದು ಸರಿಯೇ, ಈ ನಾಡಿನ ಭಾಷೆ ನಮ್ಮ ಮಕ್ಕಳಿಗೆ ಬರಲೇಬೇಕು. 2022-23ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ಶುರುವಾಗಿದೆ. ಪೇಟೆಯಲ್ಲಿ ಉರ್ದು, ಹಿಂದಿ ಕಿವಿಗೆ ಬೀಳುತ್ತವೆ. ಇಷ್ಟರ ನಡುವೆ ಕನ್ನಡಕ್ಕೆ ಉಳಿಯುವುದು ಮನೆ ಮಾತ್ರ.

ಮನೆಯಲ್ಲಿ ಕನ್ನಡ ಮಾತಾಡುತ್ತೇವಲ್ಲ, ಸಾಕು ಎನ್ನುವವರಿದ್ದಾರೆ. ಮಾತು ಉಳಿದು ಓದು ಹೋದರೆ ಸಂಧಿ, ಸಮಾಸ, ಪ್ರತ್ಯಯ ಎಂಬ ಹೆಸರುಗಳು ಹೋಗುತ್ತವೆ. ಅವು ಹೋದರೆ ಪದವನ್ನು ಒಡೆದು ನೋಡುವ ಅಭ್ಯಾಸವೂ ಹೋಗುತ್ತದೆ. "ಹೇಳಿಸಿಕೊಳ್ಳಬೇಕಾಗಿತ್ತು" ಎಂಬ ಉದ್ದದ ಪದವನ್ನು ನಮ್ಮ ಮೂರು ವರ್ಷದ ಮಗು ಸಲೀಸಾಗಿ ಕೇಳಿಸಿಕೊಳ್ಳುತ್ತದೆ. ಅದು ಹೇಳು, ಇಸು, ಕೊಳ್ಳು, ಬೇಕು, ಆಗಿತ್ತು ಎಂದು ಐದು ತುಂಡು ಎಂಬುದನ್ನು ಓದು ಕಲಿತ ಮಗು ಮಾತ್ರ ಕಾಣುತ್ತದೆ. ಇಷ್ಟು ಉದ್ದದ ಪದವನ್ನು ಒಡೆಯಬಲ್ಲ ಮಗು 15 ಅಕ್ಷರದ ಇಂಗ್ಲಿಷ್ ಪದಕ್ಕೆ ಏಕೆ ಹೆದರಬೇಕು? ಆದ್ದರಿಂದ ಕನ್ನಡ ಓದಿಸುವುದನ್ನು ಇಂಗ್ಲಿಷಿಗೆ ಅಡ್ಡಿ ಎಂದು ನಿಲ್ಲಿಸಬೇಡಿ ಎಂಬುದು ನಮ್ಮ ಕಳಕಳಿಯ ವಿನಂತಿ. ಅಡುಗೆಮನೆಗೆ ಹೋದ ಅಜ್ಜಿಯನ್ನೂ ಕರೆಯಿರಿ. ಇಂಗ್ಲಿಷ್ ಬಾರದಿದ್ದರೂ ಪದ ಒಡೆಯುವ ಬಗೆ ಹೇಳಿಕೊಡಲು ಅವರಿಗೆ ಬರುತ್ತದೆ.

ಮನೆಯಲ್ಲಿ ಆಡುವ ನಿಯಮಗಳು

ಊಟದ ನಂತರ ಹತ್ತು ನಿಮಿಷ ಸಾಕು. ಒಂದು ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ. ಹೆಸರಿನಲ್ಲಿ ಒಂದು ಅಕ್ಷರ ಎಷ್ಟು ಸಲ ಇದೆಯೋ ಅಷ್ಟೇ ಸಲ ಬಳಸಬೇಕು. ಮೂರು ಅಕ್ಷರಕ್ಕಿಂತ ಚಿಕ್ಕ ಪದಕ್ಕೆ ಅಂಕವಿಲ್ಲ. ಮುಂದೆ ಪ್ರತಿ ಅಕ್ಷರಕ್ಕೆ ಒಂದು ಅಂಕ. ಪದದ ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಅಂಕ ದುಪ್ಪಟ್ಟು. ಅರ್ಥ ಗೊತ್ತಿಲ್ಲದಿದ್ದರೆ ಸೊನ್ನೆ. ಈ ಕೊನೆಯ ನಿಯಮವನ್ನು ಸಡಿಲಿಸಬೇಡಿ. ಮರುದಿನ ಇದೇ ಆಟ ಕನ್ನಡದಲ್ಲಿ, ಒಂದು ಪದ ಕೊಟ್ಟು ಅದಕ್ಕೆ ಎಷ್ಟು ಪ್ರತ್ಯಯ ಸೇರುತ್ತದೆ ನೋಡಿ.

ಬರುವ ರಾಜ್ಯೋತ್ಸವದ ಸಭೆಯಲ್ಲಿ ಮಕ್ಕಳಿಗೆ ಈ ಆಟವನ್ನು ಇಪ್ಪತ್ತು ನಿಮಿಷ ಆಡಿಸಬೇಕೆಂದಿದ್ದೇವೆ. ಮೂರೂ ಊರುಗಳ ಸದಸ್ಯರು ಮಕ್ಕಳನ್ನು, ಮೊಮ್ಮಕ್ಕಳನ್ನು ಕರೆತರಬೇಕಾಗಿ ಕೋರುತ್ತೇವೆ. ಕಾಗದ, ಪೆನ್ಸಿಲ್ ಸಂಘದಿಂದ ಕೊಡುತ್ತೇವೆ. ಮೊಬೈಲ್ ಚೀಲದಲ್ಲೇ ಇರಲಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ ಕೊಟ್ಟು ಮುಗಿಸುತ್ತೇವೆ. ಬೀದರ್: ಬಿ-ಐ-ಡಿ-ಎ-ಆರ್. ಐದೂ ಅಕ್ಷರ ಬಳಸಿ ಎರಡು ಪದ ಮಾಡಬಹುದು. ಒಂದು, ಅಮ್ಮ ಬೆಳಿಗ್ಗೆ ಮಗಳ ತಲೆಗೆ ಹಾಕುವುದು. ಇನ್ನೊಂದು, ಬೀದಿಯಲ್ಲಿ ಕಂಡರೆ ದೂರ ಓಡಬೇಕಾದ ನಾಯಿಗೆ ಹೇಳುವುದು. ಉತ್ತರವನ್ನು ರಾಜ್ಯೋತ್ಸವದ ದಿನ ಮಕ್ಕಳ ಬಾಯಿಂದಲೇ ಕೇಳೋಣ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ